ತುಳಸಿಕಟ್ಟೆಯ ಮೇಲೆ ಇಬ್ಬರು

“ಪಲ್ಲಕ್ಕಿಯಾಗಿಂದ ಯಾವಾಗ ಇಳದಳಿಕಿ?”

ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಅಜ್ಜಿ ಯಾರನ್ನೂ ನೋಡದೆ ಕೇಳಿದಳು. ಮೊಮ್ಮಗಳ ಮದುವೆಯ ಸೀರೆಯ ಈ ಸೆರಗಿಗೆ ನಿನ್ನೆಯಷ್ಟೇ ಕಸೂತಿ ಮುಗಿಸಿದ್ದಳು: ಒಂದು ಪಲ್ಲಕ್ಕಿ, ಅದರೊಳಗೆ ಮದುಮಗಳು, ಪಕ್ಕದಲ್ಲಿ ತುಳಸಿಕಟ್ಟೆ. ಈಗ ಪಲ್ಲಕ್ಕಿ ಖಾಲಿ. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಆ ಮದುಮಗಳೇ. ಎರಡನೆಯವಳನ್ನು ಅಜ್ಜಿ ಹೊಲಿದೇ ಇರಲಿಲ್ಲ.

“ದಾರಕ್ಕ ಒಂದ್ ಗಂಟು ಹಾಕಿದ್ರ ಹಿಂಗ ಇಳೀತಿದ್ದಳೇನ್ರಿ ಅತ್ತಿ?” ಸೊಸೆ ಹಣೆ ಬಡಿದುಕೊಂಡಳು.

“ಕಸೂತಿಗೆ ಗಂಟು ಹಾಕೂದಿಲ್ಲವ್ವಾ. ನಮ್ಮವ್ವನೂ ಹಾಕಿಲ್ಲ, ಅವರವ್ವನೂ ಹಾಕಿಲ್ಲ.”

“ಬೀಗತಿ ನೋಡಿದ್ರ ಅಪಶಕುನ ಅಂತ ಮದವೀನ ಮುರೀತಾಳ!”

ಅಷ್ಟರಲ್ಲಿ ಬೀಗತಿ, ವರನ ತಾಯಿ, ಒಳಗೇ ಬಂದಿದ್ದಳು. ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತಾನು ಉಟ್ಟಿದ್ದ ಹಳೆಯ ಮದುವೆ ಸೀರೆಯ ಸೆರಗನ್ನು ಅದರ ಪಕ್ಕಕ್ಕೆ ತಂದಳು. ಅಲ್ಲಿಯ ಪಲ್ಲಕ್ಕಿಯೂ ಖಾಲಿ.

“ನನ್ನಾಕಿ ಇಳದು ಹೋಗಿ ಮೂವತ್ತು ವರ್ಷ ಆತ್ರಿ. ಇಲ್ಲಿ ಬಂದು ಕುಂತಾಳ!” ಅವಳು ಕಟ್ಟೆಯ ಮೇಲಿನ ಎರಡನೆಯವಳ ಮೇಲೆ ಬೆರಳಿಟ್ಟಳು. “ಆಕಿನ್ನ ಬಿಚ್ಚಿ ಕೊಡ್ರಿ. ಇಲ್ಲಂದ್ರ ಈ ಮದವಿ ಆಗೂದಿಲ್ಲ.”

ಅಜ್ಜಿ ಸೂಜಿಯನ್ನು ತುರುಬಿಗೆ ಸಿಕ್ಕಿಸಿಕೊಂಡಳು.

“ಕೊಡೂದಿಲ್ರಿ. ಇಬ್ಬರದೂ ಮಾತು ಇನ್ನೂ ಮುಗದಿಲ್ಲ.”