ಭಾವನಾಳ ರೋಮ್ ಪ್ರವಾಸ

"ಐದನೇ ಮಹಡಿ, ಲಿಫ್ಟ್ ಬೇರೆ ಇಲ್ಲ ಅಂತ ಹಾಕಿದಾರೆ ಕಣೇ. ಚಿಕ್ಕ ಮಕ್ಕಳಿಗೆ ಪರವಾಗಿಲ್ವಾ?" ಎಂದು ಭಾವನಾ ಫೋನಿನಲ್ಲಿ ಕೇಳಿದಳು.

"ರೋಮ್ ಅಂದ್ರೆ ಅದೇ ಅಲ್ವೇನೇ? ಹಳೇ ಮನೇಲಿ ಇರೋ ಮಜಾ ಹೋಟೆಲಲ್ಲಿ ಎಲ್ಲಿ ಸಿಗತ್ತೆ? ಕಣ್ಮುಚ್ಕೊಂಡು ಬುಕ್ ಮಾಡು," ಎಂದಳು ಮೈಥಿಲಿ. ನಾಲಿಗೆಯಲ್ಲಿ ಬೆಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ವಿಲೆಟನ್ ಬಡಾವಣೆಯ ತನ್ನ ಅಡುಗೆಮನೆಯಲ್ಲೇ ನಿಂತು ಅವಳು ಆ ಮೆಟ್ಟಿಲುಗಳನ್ನು ಕಾಣುತ್ತಿದ್ದಳು. ಸೊಂಟದ ಮೇಲೊಂದು ಮಗು, ಕೈಯಲ್ಲಿ ಮಗುವಿನ ತಳ್ಳುಗಾಡಿ, ಅಂದರೆ ಮಡಚಿದ ಪ್ರ್ಯಾಮ್, ಹಿಂದೆ ರಾಗ ಎಳೆಯುತ್ತ ಬರುವ ಇನ್ನೊಂದು ಮಗು, ನಡುವೆ ಏದುಸಿರು ಬಿಡುವ ಭಾವನಾ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೈಥಿಲಿ ಕೆಟ್ಟವಳಲ್ಲ. ಕೆಣಕಿದವರನ್ನು ಬಿಡುವವಳೂ ಅಲ್ಲ. ಅವಳ ಗಂಡ ಬಾಲಕೃಷ್ಣ ಉತ್ತರದ ಗಣಿಯಲ್ಲಿ ಭೂವಿಜ್ಞಾನಿ. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಉಳಿದಂತೆ ಐದು ವರ್ಷದ ಪ್ರಥಮ್, ಮೂರು ವರ್ಷದ ಅದಿತಿ, ಜ್ವರ, ಶಾಲೆ, ಕೆಟ್ಟ ನಲ್ಲಿ ಎಲ್ಲವೂ ಅವಳ ತಲೆಯ ಮೇಲೆ. ಕಳೆದ ದೀಪಾವಳಿಗೆ ಕನ್ನಡ ಸಂಘದ ಊಟದಲ್ಲಿ ಪ್ರಥಮ್ ಬಿಸಿಬೇಳೆಬಾತಿನ ತಟ್ಟೆ ಕೆಡವಿದ, ಅದಿತಿ ನೆಲದ ಮೇಲೆ ಬಿದ್ದು ಹೊರಳಾಡಿದಳು. ಆಗ ಭಾವನಾ ಸಭೆಗೆಲ್ಲ ಕೇಳುವಂತೆ ಅಂದಿದ್ದಳು: "ಪಾಪ, ನಮ್ ಮೈಥಿಲಿ ಗಂಡ ಇದ್ದೂ ಸಿಂಗಲ್ ಮದರ್. ಮಕ್ಕಳು ಹೇಗೆ ತಾನೇ ಹತೋಟಿಗೆ ಬರ್ತಾವೆ?"

ಎಲ್ಲರೂ ನಕ್ಕರು. ಮೈಥಿಲಿಯೂ ನಕ್ಕಳು. ಆಮೇಲೆ ಮಕ್ಕಳಿಗೆ ಸೀಟ್ ಬೆಲ್ಟ್ ಹಾಕಿ, ಕಾರಿನಲ್ಲಿ ಕೂತು ಅತ್ತಳು. ಭಾವನಾಳಿಗೂ ಇಬ್ಬರು ಚಿಕ್ಕ ಮಕ್ಕಳು, ಆದರೆ ಅವಳ ಗಂಡ ಉತ್ತಮ್ ಸಂಜೆಯಾದರೆ ಮನೆಯಲ್ಲಿರುತ್ತಾನೆ. ಅಂಥವಳಿಗೆ ಏನು ಗೊತ್ತು?

ಮದುವೆಗೆ ಮುಂಚೆ ಮೈಥಿಲಿ ಮೈಸೂರಿನ ಒಂದು ಪ್ರವಾಸ ಕಚೇರಿಯಲ್ಲಿದ್ದಳು. ಊರಿನವರನ್ನೆಲ್ಲ ರೋಮಿಗೆ ಕಳಿಸಿದವಳು ತಾನು ಮಾತ್ರ ಹೋಗಿರಲಿಲ್ಲ. "ಮುಂದಿನ ವರ್ಷ ನೋಡೋಣ" ಎನ್ನುವುದು ಬಾಲಕೃಷ್ಣನ ಪ್ರತಿವರ್ಷದ ಉತ್ತರ. ಆದರೂ ಪರ್ತ್‌ನ ಕನ್ನಡಿಗರು ಯಾರೇ ಯುರೋಪಿಗೆ ಹೊರಟರೂ ಅವಳನ್ನು ಕೇಳದೆ ಪೆಟ್ಟಿಗೆ ಕಟ್ಟುವುದಿಲ್ಲ. ಅವಳು ಹೇಳಿದ್ದೇ ವೇದವಾಕ್ಯ.

ಹಾಗಾಗಿ ಭಾವನಾ ಮೊದಲ ಸಲ ಫೋನ್ ಮಾಡಿ, "ಚಿಕ್ಕ ಮಕ್ಕಳನ್ನ ರೋಮಿಗೆ ಕರ್ಕೊಂಡು ಹೋಗೋದಾದ್ರೆ ಹೇಗೇ? ನೀನಾಗಿದ್ರೆ ಏನ್ ಮಾಡ್ತಿದ್ದೆ, ಅದನ್ನೇ ಹೇಳು," ಎಂದಾಗ ಮೈಥಿಲಿಗೆ ದೇವರು ಕಣ್ಣು ಬಿಟ್ಟನೆನಿಸಿತು.

ಕಾಲ? ಜುಲೈ, ಆಗ ಅಲ್ಲಿ ಕಲ್ಲೂ ಬೆವರುತ್ತದೆ. ಪರ್ತ್‌ನಿಂದ ನೇರ ವಿಮಾನ ಬೇಡ, "ಎರಡು ಕಡೆ ಇಳಿದು ಹತ್ತಿದ್ರೆ ಮಕ್ಕಳಿಗೆ ಕಾಲಾಡತ್ತೆ." ಕೊಲೋಸಿಯಮ್ಮಿಗೆ ನಡುಮಧ್ಯಾಹ್ನ, "ಜನ ಕಮ್ಮಿ." ಪ್ರ್ಯಾಮ್ ದೊಡ್ಡದೇ ಇರಲಿ; ರೋಮಿನ ಉಬ್ಬುಗಲ್ಲಿನ ಬೀದಿಗಳಲ್ಲಿ ಅದರ ಗತಿ ಏನಾಗುತ್ತದೆಂದು ಮೈಥಿಲಿ ಹೇಳಲಿಲ್ಲ.

"ಟಿಕೆಟ್, ಮನೆ ಎಲ್ಲ ಕ್ಯಾನ್ಸಲ್ ಮಾಡೋಕಾಗೋ ಥರದ್ದು ತಗೊಳ್ಳೋದಾ?"

"ಬೇಡ ಕಣೇ. ಆ ಸೌಕರ್ಯ ಇದ್ರೆ ಮನಸ್ಸು ಸುಮ್ನೆ ಚಂಚಲ ಆಗತ್ತೆ."

ಒಂದು ಸಲ ಮಾತ್ರ ಅವಳ ಮನಸ್ಸು ಹಿಂದೆಗೆಯಿತು. ಮಕ್ಕಳೇನು ಪಾಪ ಮಾಡಿದ್ದವು? ಅಷ್ಟರಲ್ಲಿ ಭಾವನಾ ಕೇಳಿದಳು: "ನಿಮ್ಮ ಅದಿತಿ ಎಷ್ಟು ದೂರ ನಡೀತಾಳೆ? ಪ್ರಥಮ್‌ಗೆ ಈಗ್ಲೂ ವಿಮಾನದಲ್ಲಿ ವಾಂತಿ ಆಗತ್ತಾ?"

ಮತ್ತೆ ಹೋಲಿಕೆ! ಮತ್ತೆ ಅದೇ ಚುಚ್ಚು!

"ನನ್ನ ಮಕ್ಕಳಿಗೆ ಏನೂ ಆಗಲ್ಲ. ಎಲ್ಲಿಗೆ ಬೇಕಾದ್ರೂ ನಡೀತಾರೆ," ಎಂದು ಮೈಥಿಲಿ ಹಸಿ ಸುಳ್ಳು ಹೇಳಿದಳು. ಆ ಸಿಟ್ಟಿನಲ್ಲಿ ನೋಡಬೇಕಾದ ಜಾಗಗಳ ಪಟ್ಟಿಗೆ ರೋಮಿನ ದೊಡ್ಡ ಚರ್ಚಿನ ಗುಮ್ಮಟ ಹತ್ತುವುದೂ ಸೇರಿತು. ಅದರ ಮೆಟ್ಟಿಲು ಎಷ್ಟು ಕಿರಿದೆಂದರೆ ಹತ್ತಿದವರು ನಡುವೆ ತಿರುಗಿ ಬರುವಂತಿಲ್ಲ.

ಅದೇ ವಾರ ಬಾಲಕೃಷ್ಣ ಗಣಿಯಿಂದ ಫೋನ್ ಮಾಡಿ, "ಮಕ್ಕಳ ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಬಿಡು, ಯಾವಾಗ ಊರಿಗೆ ಹೋಗ್ಬೇಕಾಗತ್ತೋ," ಎಂದ. ಇದೊಂದು ಬಾಕಿಯಿತ್ತು ಎಂದು ಗೊಣಗುತ್ತ ಅದನ್ನೂ ಮಾಡಿಸಿದಳು. ಭಾವನಾ ಕಳಿಸಲಿರುವ ಫೋಟೋಗಳ ಕಲ್ಪನೆಯೇ ಅವಳಿಗೆ ಆಗ ಬಲ ಕೊಡುತ್ತಿತ್ತು. ಆ ಬೆವರಿದ ಮುಖಕ್ಕೆ ಯಾವ ಉತ್ತರ ಬರೆಯಬೇಕೆಂದೂ ತೀರ್ಮಾನಿಸಿದ್ದಳು: "ಪಾಪ."

ಜೂನ್ ಕೊನೆಯಲ್ಲಿ ಮೈಥಿಲಿಯ ಹುಟ್ಟುಹಬ್ಬ ಬಂತು. ಬಾಲಕೃಷ್ಣ ಮನೆಯಲ್ಲಿದ್ದ. ಮಧ್ಯಾಹ್ನ ಭಾವನಾ, ಉತ್ತಮ್ ಕೇಕ್ ಹಿಡಿದು ಬಂದರು. ಬಂದವಳೇ ಭಾವನಾ ಅವಳ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ದೀಪಾವಳೀಲಿ ಆಡಿದ ಮಾತು ನನ್ನನ್ನೇ ಚುಚ್ತಾ ಇತ್ತು ಕಣೇ. ಗಣೀಲಿ ಕೂತು ಏನೂ ಮಾಡಕ್ಕಾಗಲ್ಲ, ಸಹಾಯ ಮಾಡಿ ಅಂತ ನಿಮ್ಮೋರು ಗುಟ್ಟಾಗಿ ಕೇಳ್ದಾಗ, ಇದೇ ನನ್ನ ಪ್ರಾಯಶ್ಚಿತ್ತ ಅಂದ್ಕೊಂಡೆ. ನೀನು ಹೇಳಿದ್ರಲ್ಲಿ ಒಂದಕ್ಷರ ಬದಲಾಯ್ಸಿಲ್ಲ."

ಬಾಲಕೃಷ್ಣ ಫೋನನ್ನು ಅವಳ ಮುಂದೆ ಹಿಡಿದ. ರೋಮ್, ಜುಲೈ, ಐದನೇ ಮಹಡಿ. ಪ್ರಯಾಣಿಕರು: ಮೈಥಿಲಿ, ಪ್ರಥಮ್, ಅದಿತಿ, ಬಾಲಕೃಷ್ಣ.

"ಮಮ್ಮಾ, ಆರ್ ವೀ ಗೋಯಿಂಗ್ ಆನ್ ಎ ಪ್ಲೇನ್?" ಎಂದು ಪ್ರಥಮ್ ಕುಣಿದ. ಮೈಥಿಲಿ ಗೋಡೆಗೆ ಕೈ ಊರಿದಳು. ಹೋಗಲಿ, ಗಂಡನೂ ಬರುತ್ತಾನೆ, ನಾಲ್ಕು ಕೈಯಾದರೂ ಇವೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು.

"ಒಂದೇ ಬೇಜಾರು ಕಣೇ," ಎಂದ ಬಾಲಕೃಷ್ಣ, "ನನ್ನ ರಜೆ ನಿನ್ನೆ ಕ್ಯಾನ್ಸಲ್ ಆಯ್ತು, ಬುಕಿಂಗ್ ಕ್ಯಾನ್ಸಲ್ ಆಗಲ್ವಂತೆ, ನೀವು ಮೂವರೇ ಹೋಗ್ಬನ್ನಿ."