ನಾನೂರು ಮೀಟರಿನ ಹಾಡು

"ಬೇಗ ಲೆಕ್ಕ ಹಾಕ್ರೀ, ಹಾಡು ಮುಗಿದೇ ಹೋಗುತ್ತೆ. ಕಮಲಿ ಇದ್ದಿದ್ರೆ ಬಾಯಲ್ಲೇ ಲೆಕ್ಕ ಹೇಳೋಳು," ಎಂದಳು ಮುನಿತಾಯಮ್ಮ. ಹೋದ ತಿಂಗಳು ಜ್ವರದಲ್ಲಿ ತೀರಿಕೊಂಡ ಮಗಳು ಕಮಲಿ ರೇಡಿಯೋಗೆ ಹಾಡಿಟ್ಟಿದ್ದ ದೇವರನಾಮ ಈಗ ಬರುವುದಿತ್ತು. ಪತ್ರಿಕೆಯಲ್ಲಿ ರೇಡಿಯೋ ಕೇಂದ್ರ ಸಿಗುವುದು ಏಳುನೂರ ಐವತ್ತು ಕಿಲೋಸೈಕಲ್‌ನಲ್ಲಿ ಎಂದಿತ್ತು. ರಾಜಾಜಿನಗರದ ಆ ಮನೆಯ ಹಳೆಯ ರೇಡಿಯೋದ ಮೇಲಿದ್ದುದು ಬರೀ ಮೀಟರಿನ ಅಂಕಿಗಳು.

ಗಂಡ ದೊಡ್ಡಣ್ಣ ಸೀಮೆಸುಣ್ಣ ಹಿಡಿದು, ಕಿಲೋಸೈಕಲನ್ನು ಮೀಟರಿಗೆ ತಿರುಗಿಸಲು ನೆಲದ ಮೇಲೆ ಮೂರು ಲಕ್ಷವನ್ನು ಏಳುನೂರ ಐವತ್ತರಿಂದ ಭಾಗಿಸಿದ. ನಾನೂರು ಬಂತು. ಮುಳ್ಳನ್ನು ಅಲ್ಲಿಗೆ ತಿರುಗಿಸಿದ ಕೂಡಲೇ ಮಗಳ ದನಿ ಮನೆಯನ್ನೆಲ್ಲ ತುಂಬಿತು. ಮುನಿತಾಯಮ್ಮ ಕೈಮುಗಿದು ಕೂತಳು.

ಹಾಡು ಮುಗಿದು ವಾರ್ತೆ ಶುರುವಾಯಿತು.

"ನಿಮ್ಮ ಲೆಕ್ಕ ಸರಿ ಇತ್ತು ಕಣ್ರೀ, ಬಂದಳು," ಎಂದಳು. "ಇನ್ನೊಂದು ಸಲ ಭಾಗಿಸ್ರೀ."

ದೊಡ್ಡಣ್ಣ ನೆಲ ಒರೆಸಿ, ಮತ್ತೆ ಮೂರು ಲಕ್ಷವೆಂದು ಬರೆಯತೊಡಗಿದ.