“ನನ್ನ ಕೈಲಿ ಆಗೂದಿಲ್ಲಣ್ಣಾ...”

ಗದಗದಲ್ಲಿ ನಾಗಲಿಂಗಪ್ಪ ಅಂತ ಒಬ್ಬ ಕ್ಷೌರಿಕ. ಒಂದು ಕಾಲಕ್ಕೆ ಭಾನುವಾರ ಅವನ ಕಟಿಂಗ್ ಅಂಗಡಿಯಲ್ಲಿ ನಿಲ್ಲೋಕೂ ಜಾಗ ಇರುತ್ತಿರಲಿಲ್ಲ...

ಆಮೇಲೆ ಕುಡಿತ ಹತ್ತಿತು.

ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿತ್ತು. ನಡುಕ ನಿಲ್ಲಬೇಕಾದರೆ ಮತ್ತೆ ಕುಡಿಯಬೇಕು. ಕುಡಿದರೆ ಗಿರಾಕಿ ಹತ್ತಿರ ಸುಳಿಯುವುದಿಲ್ಲ... ಕುಡಿಯದಿದ್ದರೆ ಕತ್ತಿ ಹಿಡಿಯಲಾಗುವುದಿಲ್ಲ.

ಮನೆದೇವರು ವೀರಭದ್ರನ ಮುಂದೆ ಆಣೆ ಮಾಡಿದ. ಹೆಂಡತಿ ಶಿವಗಂಗಾಳ ತಲೆ ಮುಟ್ಟಿ ಆಣೆ ಮಾಡಿದ. ಪ್ರತಿ ಸಲವೂ ಮನಸಾರೆ ಮಾಡಿದ್ದೇ... ಆದರೆ ಸಂಜೆಯಾದರೆ ಕಾಲು ತಾನಾಗಿ ಬಾರ್ ಕಡೆ ತಿರುಗುತ್ತಿತ್ತು.

ಮೊಮ್ಮಗನ ಜವಳದ ದಿನ ಬಂತು. ಊರಿನ ಎಷ್ಟೋ ಮಕ್ಕಳ ಮೊದಲ ಕೂದಲು ತೆಗೆದವನು ಅವನು. ಗುಡಿಯಲ್ಲಿ ಮಗುವಿಗಾಗಿ ಕೈ ಚಾಚಿದ.

ಮಗಳು ರೇಣವ್ವ ಮಗುವನ್ನು ಎದೆಗೆ ಒತ್ತಿಕೊಂಡಳು.

“ಬ್ಯಾಡಪ್ಪಾ... ಬ್ಯಾರೇದವರಿಗೆ ಹೇಳೇವಿ.”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು...

ಅವತ್ತು ನಾಗಲಿಂಗಪ್ಪ ಗುಡಿಯ ಹಿಂದೆಯೇ ಕೂತು ಕುಡಿದ. ಅಳುತ್ತಾ ಕುಡಿದ.

ಮಾರನೇ ದಿನ ಶಿವಗಂಗಾ ಅವನನ್ನು ಚರ್ಚ್ ಹಿಂದಿನ ಕೋಣೆಗೆ ಕರೆದೊಯ್ದಳು. ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು ಸಂಜೆ ಅಲ್ಲಿ ಕೂಡುತ್ತಿದ್ದರು.

“ನನ್ನ ಕೈಲಿ ಮುಗೀತ್ರಿ ಅಣ್ಣಾರ... ಇನ್ನ ನೀವೇ ನೋಡ್ರಿ” ಅಂದು ಬಾಗಿಲಲ್ಲೇ ನಿಂತಳು.

ಎದ್ದು ಬಂದವರು ದಸ್ತಗೀರಣ್ಣ. ಮೋಟಾರ್ ರಿಪೇರಿ ಮಾಡುವ ವಯಸ್ಸಾದ ಮನುಷ್ಯ. ಕುಡಿತ ಬಿಟ್ಟು ವರ್ಷಗಳೇ ಆಗಿದ್ದವು.

“ದೇವರ ಮುಂದ ಮಾಡಿದ ಆಣಿ ಮುರದೇನ್ರಿ. ಇನ್ನ ಯಾವ ಮುಖ ಇಟ್ಕೊಂಡು ಬೇಡ್ಲಿ?” ನಾಗಲಿಂಗಪ್ಪ ಕೇಳಿದ.

“ಆಣಿ ಮಾಡಬ್ಯಾಡ. ದೇವರಿಗೆ ‘ನನಗ ಆಗವಲ್ದು, ನೀನೇ ನಡಸು’ ಅನ್ನು. ತಡಕೊಳ್ಳಾಕ ಆಗಲಿಲ್ಲಂದ್ರ ನನಗ ಫೋನ್ ಹಚ್ಚು.”

ಡಾಕ್ಟರ ಔಷಧಿ, ಸಂಜೆಯ ಕೂಟ... ಹೀಗೆ ಕೆಲವು ವಾರ ಹೋದವು. ಕೂಟದಲ್ಲಿ ಅವನು ಹಿಂದಿನ ಕುರ್ಚಿಯಲ್ಲಿ ಕೂತು ಎದ್ದು ಬರುತ್ತಿದ್ದ. ಬಾಯಿ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ... ಅಂಗಡಿ ಖಾಲಿ. ಇದ್ದಕ್ಕಿದ್ದಂತೆ ಕುಡಿತದ ದಾಹ ಎದ್ದಿತು, ಮೈಯೆಲ್ಲ ಬೆವರಿತು. ದೇವರನ್ನು ಕರೆಯಲು ಹೋದರೆ ಮಾತೇ ಹೊರಡಲಿಲ್ಲ. ಬಾರಿಗೆ ಹೊರಟು ಶಟರ್ ಅರ್ಧ ಎಳೆದೂ ಆಗಿತ್ತು...

ಅಲ್ಲೇ ಕುಸಿದು ಕೂತು ಫೋನ್ ಮಾಡಿದ.

“ಅಣ್ಣಾ... ನನ್ನ ಕೈಲಿ ಆಗೂದಿಲ್ಲಣ್ಣಾ.”

ಆ ಕಡೆ ಬರೀ ಉಸಿರು...

“ಅಲ್ಲೇ ಕುಂಡ್ರು. ಬಂದೆ.”

ದಸ್ತಗೀರಣ್ಣ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತರು. ಉಪದೇಶ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ನಾಗಲಿಂಗಪ್ಪ ತಿರುಗಿ ನೋಡಿದರೆ... ಅವರ ಗಡ್ಡ ಕಣ್ಣೀರಿನಿಂದ ತೋಯ್ದಿತ್ತು.

“ಯಾಕಣ್ಣಾ?”

“ನಿನ್ನೆ ನನ್ನ ತಮ್ಮಗ ಮಣ್ಣು ಕೊಟ್ಟು ಬಂದೆ. ಕುಡದು ಕುಡದೇ ಹ್ವಾದ. ಕುಡೀಬ್ಯಾಡ್ರಿ ಅಂತ ಊರ ಮಂದಿಗೆಲ್ಲಾ ಹೇಳ್ತೀನಿ... ಒಡಹುಟ್ಟಿದವನ್ನ ಉಳಿಸಿಕೊಳ್ಳಾಕ ಆಗಲಿಲ್ಲ.”

ಗಡ್ಡ ಒರೆಸಿಕೊಂಡು ಮೆಲ್ಲಗೆ ಹೇಳಿದರು...

“ನೀ ಫೋನ್ ಹಚ್ಚಿದಾಗ ನಾ ಬಾರಿನ ಬಾಗಲದಾಗ ನಿಂತಿದ್ದೆ ನಾಗಪ್ಪಾ. ನೀ ಕರೀಲಿಲ್ಲಂದ್ರ ಇಷ್ಟೊತ್ತಿಗೆ ಒಳಗಿರ್ತಿದ್ದೆ.”

ನಾಗಲಿಂಗಪ್ಪ, ಹೆಂಡತಿಗೆ ಭಾರ, ಮಗಳಿಗೆ ನಾಚಿಕೆ, ತಾನು ಯಾರಿಗೂ ಬೇಡವಾದವನು ಅಂದುಕೊಂಡಿದ್ದ... ಅವನ ಸೋತ ದನಿಯೇ ಒಬ್ಬರನ್ನು ಬಾಗಿಲಿಂದ ಹಿಂದಕ್ಕೆ ಎಳೆದು ತಂದಿತ್ತು.

ಅವರ ಕೈ ಹಿಡಿದುಕೊಂಡ. ಒಬ್ಬರು ಅಲ್ಲಾ ಅಂದರು. ಒಬ್ಬ ವೀರಭದ್ರಾ ಅಂದ. ಇಬ್ಬರೂ ಬೇಡಿದ್ದು ಒಂದನ್ನೇ...

ಸಂಜೆ ಇಬ್ಬರೂ ಕೂಡಿಯೇ ಕೂಟಕ್ಕೆ ಹೋದರು. ನಾಗಲಿಂಗಪ್ಪ ಮೊದಲ ಸಲ ಎದ್ದು ನಿಂತ.

“ಇವತ್ತ ನಾವಿಬ್ಬರೂ ಕುಡದಿಲ್ರಿ...” ಅಂದ. ಯಾರೋ ಎದ್ದು ಬಂದು ಅವನ ಬೆನ್ನ ಮೇಲೆ ಕೈ ಇಟ್ಟರು.

ಜವಳದ ದಿನದ ನಂತರ ಮಗಳು ಇನ್ನೂ ತವರಿಗೆ ಬಂದಿಲ್ಲ. ಆ ಹಾಳು ದಾಹವೂ ಪೂರ್ತಿ ಹೋಗಿಲ್ಲ. ಅದು ಬಂದಾಗ ಅವನು ಒಬ್ಬನೇ ಇರುವುದಿಲ್ಲ... ಅಷ್ಟೇ.

*ಮುಳುಗುತ್ತಿರುವವನ ಕೂಗು ಕೂಡ ಇನ್ನೊಬ್ಬನನ್ನು ದಡಕ್ಕೆ ತರಬಹುದು.*

“ನನ್ನ ಕೈಲಿ ಆಗುತ್ತಿಲ್ಲ” ಅಂತ ಹೇಳಿಕೊಳ್ಳಲು ನಿಮಗೊಬ್ಬರು ಇದ್ದಾರಾ... ಹಾಗೆ ಹೇಳಿಕೊಳ್ಳಲು ನಿಮ್ಮನ್ನು ನಂಬಿದವರು ಯಾರಾದರೂ ಇದ್ದಾರಾ?